ಮಕ್ಕಳು ಯಾರ ಪಾಲಿಗೆ? ಕ್ಯಾರೊಲಿನ್ ನಾರ್ಟನ್ ಪ್ರಕರಣ

ಜಗಳ ಹುಟ್ಟಿದ್ದು ತವರಿಗೆ ಹೋಗುವ ವಿಷಯಕ್ಕೆ. 1836ರ ಈಸ್ಟರ್ ಹಬ್ಬಕ್ಕೆ ಇಂಗ್ಲೆಂಡಿನ ಲೇಖಕಿ ಕ್ಯಾರೊಲಿನ್ ನಾರ್ಟನ್ ಮೂವರು ಗಂಡುಮಕ್ಕಳನ್ನು ಕಟ್ಟಿಕೊಂಡು ಡಾರ್ಸೆಟ್‌ನಲ್ಲಿದ್ದ ಅಣ್ಣನ ಮನೆಗೆ ಹೊರಡುವವಳಿದ್ದಳು. ಗಂಡ ಜಾರ್ಜ್‌ಗೆ ಆ ಮನೆಯಿಂದ ಕರೆ ಬಂದಿರಲಿಲ್ಲ. ತಂಗಿಯ ಮೇಲೆ ಕೈ ಮಾಡುವವನನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳಲು ಅಣ್ಣನಿಗೆ ಮನಸ್ಸಿರಲಿಲ್ಲ. ನನ್ನನ್ನು ಕರೆಯದ ಮನೆಗೆ ನನ್ನ ಮಕ್ಕಳೂ ಹೋಗಕೂಡದು ಎಂದು ಜಾರ್ಜ್ ಪಟ್ಟು ಹಿಡಿದ. ಇಂಥ ಜಗಳ ಯಾವ ಊರಿನ ಯಾವ ಮನೆಯಲ್ಲಿ ಆಗಿಲ್ಲ? ಆದರೆ ಇದು ಮಾತಿಗೆ ನಿಲ್ಲಲಿಲ್ಲ. ಮಾರ್ಚ್ ಕೊನೆಯ ಒಂದು ದಿನ ಆಕೆ ಮನೆಯಲ್ಲಿಲ್ಲದ ಹೊತ್ತು ನೋಡಿ ಮಕ್ಕಳನ್ನು ಬಂಡಿ ಹತ್ತಿಸಿ ಕಳಿಸಿಬಿಟ್ಟಿದ್ದರು.

ದೊಡ್ಡವನು ಫ್ಲೆಚರ್, ಆರು ವರ್ಷ. ನಡುವಿನವನು ಬ್ರಿನ್ಸ್‌ಲಿ, ನಾಲ್ಕು. ಕಿರಿಯವನು ವಿಲಿಯಂ, ಎರಡೂವರೆ. ಈ ಮೂರು ವಯಸ್ಸುಗಳು ನೆನಪಿರಲಿ, ಮುಂದೆ ಲೆಕ್ಕಕ್ಕೆ ಬರುತ್ತವೆ.

ಮಕ್ಕಳನ್ನು ಇಟ್ಟಿದ್ದ ಮನೆ ಎಲ್ಲಿದೆಯೆಂದು ಪತ್ತೆಮಾಡಿ ಕ್ಯಾರೊಲಿನ್ ಅಲ್ಲಿಗೆ ಹೋದಳು. ಅದು ಜಾರ್ಜ್‌ನ ವ್ಯವಹಾರ ನೋಡಿಕೊಳ್ಳುತ್ತಿದ್ದವನೊಬ್ಬನ ಮನೆ. ಒಳಗೆ ಬಿಟ್ಟರು, ಮಹಡಿ ಹತ್ತಲು ಬಿಡಲಿಲ್ಲ. ಆಮೇಲೆ ಬರೆದ ಕಾಗದದಲ್ಲಿ ಆ ಗಳಿಗೆಯನ್ನು ಹೇಳಿಕೊಂಡಿದ್ದಾಳೆ: ತಾನು ಕೆಳಗೆ ಕೂತು ಅಳುತ್ತಿದ್ದಾಗ ತಲೆಯ ಮೇಲೆ ಮಕ್ಕಳು ಕುಣಿದಾಡುತ್ತಾ ಓಡುವ ಹೆಜ್ಜೆಸದ್ದು ಕೇಳುತ್ತಿತ್ತು, ಅವರಿಗೂ ತನಗೂ ನಡುವೆ ಇದ್ದದ್ದು ಒಂದು ಮಾಳಿಗೆ ಮಾತ್ರ. ಆಮೇಲೆ ಮಕ್ಕಳನ್ನು ಸರ್ರೆಯ ವೊನರ್ಶ್‌ನಲ್ಲಿದ್ದ ಭಾವ, ಅಂದರೆ ಜಾರ್ಜ್‌ನ ಅಣ್ಣ, ಲಾರ್ಡ್ ಗ್ರಾಂಟ್ಲಿಯ ಬಂಗಲೆಗೆ ಸಾಗಿಸಿದರು. ಅಲ್ಲಿಗೂ ಹೋದಳು. ಬ್ರಿನ್ಸ್‌ಲಿಯನ್ನು ಎತ್ತಿಕೊಂಡು ಗೇಟಿನವರೆಗೂ ಬಂದಳು. ಗೇಟು ತೆರೆಯಲು ಬರಲಿಲ್ಲ. ಆಳುಗಳು ಮಗುವನ್ನು ಹಿಡಿದ ರಭಸಕ್ಕೆ ಎಲ್ಲಿ ಅದರ ಕೈಕಾಲು ಕಿತ್ತುಬರುವುದೋ ಎಂದು ಹೆದರಿ ಕೈ ಸಡಿಲಿಸಿದಳು. ದೊಡ್ಡವನು ಬೆದರಿ ಹಿಂದೆಯೇ ಉಳಿದಿದ್ದ.

ಪೊಲೀಸರಿಗೆ ಹೇಳಬಹುದಿತ್ತಲ್ಲ, ಕೋರ್ಟಿಗೆ ಹೋಗಬಹುದಿತ್ತಲ್ಲ ಎಂದು ನಮಗೆ ಅನ್ನಿಸುತ್ತದೆ. ವಿಕ್ಟೋರಿಯಾ ಕಾಲದ ದಾಂಪತ್ಯವನ್ನು ನೋಡಲು ಈ ಪ್ರಕರಣವನ್ನು ಎತ್ತಿಕೊಂಡದ್ದೇ ಆ ಕಾರಣಕ್ಕೆ. ಆ ದಿನ ಇಂಗ್ಲೆಂಡಿನಲ್ಲಿ ಕಾನೂನು ಮುರಿದವರು ಯಾರೂ ಇರಲಿಲ್ಲ. ಗೇಟಿನ ಬಳಿ ಮಗುವನ್ನು ಕಿತ್ತುಕೊಂಡ ಆಳುಗಳು ಕಾನೂನಿನ ಪಕ್ಕದಲ್ಲೇ ನಿಂತಿದ್ದರು. ಎತ್ತಿಕೊಂಡು ಓಡಿದ ತಾಯಿಯ ಪಕ್ಕದಲ್ಲಿ ಏನೂ ಇರಲಿಲ್ಲ.

ಹುಡುಗಿ, ಹುಡುಗ, ಕೆಟಲ್

ಕ್ಯಾರೊಲಿನ್ ಹುಟ್ಟಿದ್ದು 1808ರಲ್ಲಿ, ಲಂಡನ್ನಿನಲ್ಲಿ. ನಾಟಕಕಾರ ಮತ್ತು ರಾಜಕಾರಣಿ ರಿಚರ್ಡ್ ಬ್ರಿನ್ಸ್‌ಲಿ ಶೆರಿಡನ್‌ನ ಮೊಮ್ಮಗಳು. ಅಜ್ಜನ ಹೆಸರು ದೊಡ್ಡದು, ಮನೆಯಲ್ಲಿ ಕಾಸಿಲ್ಲ. ಅಪ್ಪ ಕೇಪ್ ಆಫ್ ಗುಡ್ ಹೋಪ್‌ನಲ್ಲಿ ಸರ್ಕಾರಿ ಕೆಲಸದಲ್ಲಿದ್ದಾಗಲೇ 1817ರಲ್ಲಿ ತೀರಿಕೊಂಡ. ವಿಧವೆ ತಾಯಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ರಾಜಮನೆತನ ಬಿಟ್ಟುಕೊಟ್ಟ ಕೋಣೆಗಳಲ್ಲಿ ಮಕ್ಕಳನ್ನು ಸಾಕಿದಳು. ರೂಪವತಿಯರಾದ ಮೂವರು ಹೆಣ್ಣುಮಕ್ಕಳು, ವರದಕ್ಷಿಣೆಗೆ ಗತಿಯಿಲ್ಲ. ಮುಂದಿನ ಕತೆಯನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. 1827ರ ಜುಲೈ 30ರಂದು, ಹತ್ತೊಂಬತ್ತರ ವಯಸ್ಸಿನಲ್ಲಿ, ಆಕೆಯನ್ನು ಜಾರ್ಜ್ ನಾರ್ಟನ್‌ಗೆ ಕೊಟ್ಟರು. ಅವನು ಬ್ಯಾರಿಸ್ಟರ್, ಗಿಲ್ಡ್‌ಫರ್ಡ್‌ನ ಪಾರ್ಲಿಮೆಂಟ್ ಸದಸ್ಯ, ಲಾರ್ಡ್ ಒಬ್ಬನ ತಮ್ಮ. ಕಾಗದದ ಮೇಲೆ ಒಳ್ಳೆಯ ಸಂಬಂಧ.

ಮದುವೆಯಾಗಿ ಎರಡು ತಿಂಗಳಿಗೆ, ಏನೋ ಮಾತಿನ ಮೇಲೆ, ಇಷ್ಟು ಪೆದ್ದು ಮಾತನ್ನು ನಾನು ಕೇಳಿಯೇ ಇರಲಿಲ್ಲ ಎಂದು ಗಂಡನಿಗೆ ಹೇಳಿದಳು. ಪಕ್ಕೆಗೆ ಒದೆ ಬಿತ್ತು. ಆ ರಾತ್ರಿ ಬೇರೆ ಕೋಣೆಯಲ್ಲಿ ಕೂತೇ ಬೆಳಗು ಮಾಡಿದಳು. ಇನ್ನೊಮ್ಮೆ ನೃತ್ಯಕೂಟದಿಂದ ಮನೆಗೆ ಬಂದ ರಾತ್ರಿ ಕುತ್ತಿಗೆ ಹಿಡಿದು ನೆಲಕ್ಕೆ ಕೆಡವಿದ. ಮತ್ತೊಂದು ದಿನ ಒಲೆಯಿಂದಿಳಿಸಿದ ಚಹಾದ ಕೆಟಲ್ಲನ್ನು ಆಕೆಯ ಕೈಮೇಲೇ ಇಟ್ಟ. ಅದು ಜಗಳದ ಭರಾಟೆಯಲ್ಲಿ ಆದದ್ದಲ್ಲ, ಮೇಜಿನ ಮೇಲೆ ಇಡುವಷ್ಟೇ ಸಾವಧಾನವಾಗಿ ಇಟ್ಟದ್ದು. ಒದೆಗಿಂತ ಈ ಕೆಟಲ್ಲೇ ನನಗೆ ಹೆಚ್ಚು ಹೇಳುತ್ತದೆ. ಒದೆಗೆ ಸಿಟ್ಟು ಸಾಕು. ಬಿಸಿ ಕೆಟಲ್ ಇಡಲು ಇವಳು ಯಾರಿಗೂ ಹೇಳಲಾರಳು, ಹೇಳಿದರೂ ನಡೆಯದು ಎಂಬ ಗಟ್ಟಿ ಧೈರ್ಯ ಬೇಕು.

ಈ ಜಾರ್ಜ್‌ಗೆ 1831ರಲ್ಲಿ ಲಂಡನ್ನಿನ ಪೊಲೀಸ್ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟ್ ಹುದ್ದೆ ಸಿಕ್ಕಿತು. ವರ್ಷಕ್ಕೆ 1,000 ಪೌಂಡ್ ಸಂಬಳ. ಆಗ ಗೃಹಮಂತ್ರಿಯಾಗಿದ್ದ ಲಾರ್ಡ್ ಮೆಲ್ಬರ್ನ್‌ಗೆ ಹೇಳಿಸಿ ಆ ಹುದ್ದೆ ಕೊಡಿಸಿದ್ದೇ ಹೆಂಡತಿ. ಹೆಂಡತಿಗೆ ಹೊಡೆದ ಕೂಲಿಯವನನ್ನು ಎಳೆತಂದು ನಿಲ್ಲಿಸುವ ಪೀಠ ಅದು.

ಮನೆ ನಡೆದದ್ದು ಬಹುಪಾಲು ಆಕೆಯ ಲೇಖನಿಯಿಂದ. 1829ರಲ್ಲಿ ಮೊದಲ ಕವನಸಂಕಲನ ಬಂತು. ಅದೇ ವರ್ಷ ಫ್ಲೆಚರ್ ಹುಟ್ಟಿದ. ಚೊಚ್ಚಲ ಬಾಣಂತನದ ಖರ್ಚು ಆ ಪುಸ್ತಕದ ಹಣದಲ್ಲೇ ಕಳೆಯಿತೆಂದು ಆಕೆ ಹೆಮ್ಮೆಯಿಂದ ಬರೆದುಕೊಂಡಿದ್ದಾಳೆ. ಬರೆದವಳು ಅವಳು, ಹೆತ್ತವಳು ಅವಳು. ಕಾನೂನಿನ ಪ್ರಕಾರ ಆ ಹಣವೂ ಜಾರ್ಜ್‌ನದು, ಆ ಮಗುವೂ ಜಾರ್ಜ್‌ನದು.

1835ರಲ್ಲಿ ಮತ್ತೆ ಬಸುರಾಗಿದ್ದಾಗ ಹೊಡೆತ ತಿಂದು ಗರ್ಭ ಇಳಿದುಹೋಯಿತು. ಅದಕ್ಕೂ ಮೊದಲೂ ಆಮೇಲೂ ಆಕೆ ತವರಿಗೆ ಹೋಗುವುದು, ಜಾರ್ಜ್ ತಪ್ಪಾಯಿತೆಂದು ಕಾಗದ ಬರೆಯುವುದು, ಆಕೆ ಮಕ್ಕಳ ಮುಖ ನೋಡಿ ವಾಪಸು ಬರುವುದು ನಡೆದೇ ಇತ್ತು. ಈ ವಾಪಸು ಬಂದದ್ದೇ ಮುಂದೆ ಮುಳುವಾಯಿತು. ಕ್ರೌರ್ಯದ ಕಾರಣಕ್ಕೆ ಗಂಡನಿಂದ ಬೇರಾಗಲು ಆಗ ಚರ್ಚಿನ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಅಲ್ಲಿನ ಲೆಕ್ಕದಲ್ಲಿ, ಹೊಡೆತ ತಿಂದ ಮೇಲೂ ಅದೇ ಮನೆಗೆ ಬಂದು ಸಂಸಾರ ಮಾಡಿದವಳು ಗಂಡನನ್ನು ಕ್ಷಮಿಸಿದಂತೆ. ಹೊಟ್ಟೆಗೆ ಹಾಕಿಕೊಂಡು ಹೋಗು ಎಂದು ಊರೇ ಹೇಳುತ್ತದೆ. ಹಾಕಿಕೊಂಡರೆ ನಿನಗಿನ್ನು ದೂರಲು ಬಾಯಿಲ್ಲ ಎಂದು ಕೋರ್ಟು ಹೇಳುತ್ತದೆ. ಮಕ್ಕಳನ್ನು ಕಿತ್ತುಕೊಂಡ ಮೇಲೆ ಮೆಲ್ಬರ್ನ್ ಬರೆದ ಕಾಗದದಲ್ಲೂ ಅದೇ ರಾಗವಿತ್ತು: ಎಲ್ಲವನ್ನೂ ಸಹಿಸಿಕೊಂಡು ಕೊನೆಯವರೆಗೂ ಇರು ಎಂದೇ ನಾನು ನಿನಗೆ ಹೇಳುತ್ತಾ ಬಂದದ್ದು. ಆ ಹೊತ್ತಿಗೆ ಅವನು ದೇಶದ ಪ್ರಧಾನಿ.

ಕಾನೂನು ಏನು ಹೇಳುತ್ತಿತ್ತು

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಜಾರ್ಜ್ ಕೆಟ್ಟವನೆಂದು ಹೇಳಿ ಮುಗಿಸಿದರೆ ಪ್ರಕರಣ ಕೈತಪ್ಪುತ್ತದೆ. ಜಾರ್ಜ್‌ನಂಥವರು ಎಲ್ಲ ಕಾಲದಲ್ಲೂ ಇದ್ದಾರೆ. ಅವನ ಕೈಗೆ ಕಾನೂನು ಏನನ್ನು ಕೊಟ್ಟಿತ್ತು ಎಂಬುದು ಮುಖ್ಯ.

ಇಂಗ್ಲೆಂಡಿನ ವಕೀಲರಿಗೆ ವೇದವಾಕ್ಯವಾಗಿದ್ದ ಬ್ಲ್ಯಾಕ್‌ಸ್ಟನ್‌ನ ವ್ಯಾಖ್ಯಾನ 1765ರದು. ಮದುವೆಯಾದ ಮೇಲೆ ಗಂಡ ಹೆಂಡತಿ ಕಾನೂನಿನಲ್ಲಿ ಒಬ್ಬ ವ್ಯಕ್ತಿ, ಹೆಣ್ಣಿನ ಕಾನೂನುಬದ್ಧ ಅಸ್ತಿತ್ವ ಮದುವೆ ಇರುವಷ್ಟು ಕಾಲ ಅಮಾನತಿನಲ್ಲಿ ಎಂದು ಅದರ ಸಾರ. ಆ ಒಬ್ಬ ವ್ಯಕ್ತಿ ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆದ್ದರಿಂದ ಮದುವೆಯಾದವಳು ಕರಾರಿಗೆ ಸಹಿ ಹಾಕುವಂತಿಲ್ಲ, ತನ್ನ ಹೆಸರಿನಲ್ಲಿ ದಾವೆ ಹೂಡುವಂತಿಲ್ಲ, ಗಂಡನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವಂತಿಲ್ಲ. ಮಕ್ಕಳ ಮೇಲೆ ಅಧಿಕಾರ ಪೂರ್ತಿ ತಂದೆಯದು. ಅವನಿಗೆ ಇಷ್ಟ ಬಂದಲ್ಲಿ, ಇಷ್ಟ ಬಂದವರ ಹತ್ತಿರ ಮಕ್ಕಳನ್ನು ಇಡಬಹುದು. ತಾಯಿ ಅವರ ಮುಖ ನೋಡಬೇಕೇ ಬೇಡವೇ ಎನ್ನುವುದು ಅವನ ಮರ್ಜಿ.

ಇದು ಪುಸ್ತಕದ ಬದನೆಕಾಯಿಯಾಗಿರಲಿಲ್ಲ. 1804ರ ಡಿ ಮ್ಯಾನ್‌ವಿಲ್ ಪ್ರಕರಣದಲ್ಲಿ ಬೇರೆ ವಾಸವಿದ್ದ ತಾಯಿಯ ಮನೆಗೆ ತಂದೆ ನುಗ್ಗಿ, ಮೊಲೆ ಕುಡಿಯುತ್ತಿದ್ದ ಎಂಟು ತಿಂಗಳ ಕೂಸನ್ನು ಎಳೆದುಕೊಂಡು ಹೋದ. ತಾಯಿ ಕಿಂಗ್ಸ್ ಬೆಂಚ್ ಕೋರ್ಟಿಗೆ ಮೊರೆಹೋದಳು. ಮುಖ್ಯ ನ್ಯಾಯಮೂರ್ತಿ ಎಲೆನ್‌ಬರೋ ಮಗುವಿನ ಮೇಲೆ ತಂದೆಗೇ ಹಕ್ಕು ಎಂದು ಕೈ ತೊಳೆದುಕೊಂಡ. ಕ್ಯಾರೊಲಿನ್ ಮಕ್ಕಳನ್ನು ಕಳೆದುಕೊಂಡ 1836ರಲ್ಲೇ ಗ್ರೀನ್‌ಹಿಲ್ ಎಂಬಾತನ ಪ್ರಕರಣ ಬಂತು. ಅವನು ಇನ್ನೊಬ್ಬಳ ಜೊತೆಗಿದ್ದ. ಹೆಂಡತಿಯ ನಡತೆಯ ಮೇಲೆ ಯಾರಿಗೂ ಸಂಶಯವಿರಲಿಲ್ಲ. ಮೂವರು ಪುಟ್ಟ ಹೆಣ್ಣುಮಕ್ಕಳನ್ನು ಅವನಿಗೇ ಒಪ್ಪಿಸಬೇಕೆಂದು ಕೋರ್ಟು ಹೇಳಿತು.

ಒಂದು ವಿಚಿತ್ರ ನೋಡಿ. ಮದುವೆಯಾಗದೆ ಹೆತ್ತವಳ ಮಗು ಆಗಿನ ಕಾನೂನಿನಲ್ಲಿ ಯಾರ ಮಗುವೂ ಅಲ್ಲ. ಆದ್ದರಿಂದಲೇ ಅದು ತಾಯಿಯ ಹತ್ತಿರ ಉಳಿಯುತ್ತಿತ್ತು. ತಾಳಿ ಕಟ್ಟಿಸಿಕೊಂಡವಳಿಗೆ, ಅಂದರೆ ಅಲ್ಲಿನ ಲೆಕ್ಕಕ್ಕೆ ಉಂಗುರ ತೊಟ್ಟವಳಿಗೆ, ಆ ಭಾಗ್ಯವೂ ಇಲ್ಲ. ತಾಯ್ತನವನ್ನು ಪದ್ಯದಲ್ಲಿ, ಪಟದಲ್ಲಿ, ಚರ್ಚಿನ ಪ್ರವಚನದಲ್ಲಿ ಅಷ್ಟೆಲ್ಲ ಪೂಜಿಸಿದ ಕಾಲ ಅದು. ಕೋರ್ಟಿನ ಕಡತದಲ್ಲಿ ಮಾತ್ರ ತಾಯಿ ಎಂಬ ಪದಕ್ಕೆ ಬೆಲೆಯಿರಲಿಲ್ಲ.

(ಕಟ್ಟುನಿಟ್ಟಾಗಿ ಹೇಳುವುದಾದರೆ ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರ ಜೂನ್‌ನಲ್ಲಿ, ಅಂದರೆ ಈ ಜಗಳದ ಮರುವರ್ಷ. ಆಕೆಯ ಮೊದಲ ಪ್ರಧಾನಿ ಇದೇ ಮೆಲ್ಬರ್ನ್. ಪ್ರಕರಣದ ಮುಂದಿನ ನಲವತ್ತು ವರ್ಷ ಪೂರ್ತಿ ಆಕೆಯ ಆಳ್ವಿಕೆಯದು. ಹಾಗಾಗಿ ಇದನ್ನು ವಿಕ್ಟೋರಿಯಾ ಕಾಲದ ದಾಂಪತ್ಯವೆಂದು ಕರೆದರೆ ತಪ್ಪಿಲ್ಲ.)

ಹೊಲಕ್ಕೆ ದನ ನುಗ್ಗಿದ ದಾವೆ

ಮಕ್ಕಳನ್ನು ಅಡಗಿಸಿಟ್ಟ ಜಾರ್ಜ್ ಮುಂದೆ ಮೆಲ್ಬರ್ನ್ ಮೇಲೆಯೇ ದಾವೆ ಹೂಡಿದ. ಕ್ರಿಮಿನಲ್ ಕಾನ್ವರ್ಸೇಶನ್ ಎಂದು ಆ ದಾವೆಯ ಹೆಸರು. ಹೆಸರಿನಲ್ಲಿ ಕ್ರಿಮಿನಲ್ ಇದ್ದರೂ ಅದು ಸಿವಿಲ್ ದಾವೆ. ನನ್ನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡು ನನಗೆ ನಷ್ಟ ಮಾಡಿದ್ದಾನೆ, ತುಂಬಿಕೊಡಲಿ ಎಂದು ಗಂಡ ಕೇಳುವುದು. ನಮ್ಮ ಹೊಲಕ್ಕೆ ಪಕ್ಕದವನ ದನ ನುಗ್ಗಿದರೆ ಪೈರಿನ ನಷ್ಟ ಕೇಳುವ ಹಾಗೆ. ಜಾರ್ಜ್ ಕೇಳಿದ್ದು 10,000 ಪೌಂಡ್.

1836ರ ಜೂನ್ 22ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ವಿಚಾರಣೆ. ಪ್ರಧಾನಿಯ ಮೇಲಿನ ದಾವೆಯೆಂದರೆ ಕೇಳಬೇಕೆ, ಕಾಲಿಡಲು ಜಾಗವಿರಲಿಲ್ಲ. ವಾದಿ ಜಾರ್ಜ್, ಪ್ರತಿವಾದಿ ಮೆಲ್ಬರ್ನ್. ಯಾರ ನಡತೆಯ ಮೇಲೆ ಇಡೀ ದಿನ ವಾದ ನಡೆಯಿತೋ ಆ ಕ್ಯಾರೊಲಿನ್ ವಾದಿಯಲ್ಲ, ಪ್ರತಿವಾದಿಯಲ್ಲ, ಸಾಕ್ಷಿಯೂ ಅಲ್ಲ. ಅವಳ ಪರವಾಗಿ ವಕೀಲ ಎದ್ದು ನಿಲ್ಲಲು ಅವಳು ಆ ದಾವೆಯಲ್ಲಿ ಇರಲೇ ಇಲ್ಲ. ಸಾಕ್ಷಿ ಹೇಳಿದವರು ಕೆಲಸದಿಂದ ತೆಗೆದ ಆಳುಗಳು. ಅವರಲ್ಲೊಬ್ಬ ಕುಡುಕ ಗಾಡಿ ಹೊಡೆಯುವವನು. ವಿಚಾರಣೆಗೆ ಮುಂಚೆ ಸಾಕ್ಷಿಗಳಿಗೆ ಊಟ ವಸತಿ ಸಿಕ್ಕಿದ್ದು ವೊನರ್ಶ್‌ನ ಅದೇ ಭಾವನ ಬಂಗಲೆಯ ಕಡೆ ಎಂಬುದು ಪಾಟೀಸವಾಲಿನಲ್ಲಿ ಹೊರಬಿತ್ತು. ಪುರಾವೆಯೆಂದು ತಂದ ಮೆಲ್ಬರ್ನ್ ಚೀಟಿಗಳಲ್ಲಿ ಇದ್ದದ್ದು ಇಷ್ಟೇ: ನಾಲ್ಕೂವರೆ ಹೊತ್ತಿಗೆ ಬರುತ್ತೇನೆ. ಪಂಚರು, ಅಂದರೆ ಜ್ಯೂರಿಯವರು, ಕೂತ ಜಾಗದಿಂದ ಏಳದೆಯೇ ಮೆಲ್ಬರ್ನ್ ಪರ ತೀರ್ಪು ಕೊಟ್ಟರು.

ಗೆದ್ದವನು ಮೆಲ್ಬರ್ನ್. ಅವನ ಪ್ರಧಾನಿ ಪಟ್ಟ ಉಳಿಯಿತು. ಕ್ಯಾರೊಲಿನ್‌ಗೆ ಸಿಕ್ಕಿದ್ದೇನು? ಜಾರ್ಜ್ ಸೋತದ್ದರಿಂದ ಅವನು ಅವಳಿಗೆ ವಿಚ್ಛೇದನ ಕೊಡಲಾರ. ಹಿಂದೆ ಕ್ಷಮಿಸಿದ್ದರಿಂದ ಅವಳು ಅವನಿಂದ ಬಿಡಿಸಿಕೊಳ್ಳಲಾರಳು. ಪೂರ್ತಿ ವಿಚ್ಛೇದನ ಬೇಕಿದ್ದರೆ ಪಾರ್ಲಿಮೆಂಟಿನಲ್ಲಿ ತನ್ನೊಬ್ಬನಿಗಾಗಿಯೇ ಒಂದು ಕಾಯ್ದೆ ಮಾಡಿಸಿಕೊಳ್ಳಬೇಕಿತ್ತು. 1857ರವರೆಗೆ ಹಾಗೆ ಮಾಡಿಸಿಕೊಂಡವರು ಮುನ್ನೂರು ಚಿಲ್ಲರೆ ಜನ, ಅವರಲ್ಲಿ ಹೆಂಗಸರು ನಾಲ್ವರು. ನಿರ್ದೋಷಿ ಎಂದು ಸಾಬೀತಾದ ಮೇಲೂ ಮಕ್ಕಳು ಬರಲಿಲ್ಲ. ಮಗುವಿನ ವಿಷಯದಲ್ಲಿ ತಾಯಿಯ ದೋಷವನ್ನೋ ನಿರ್ದೋಷವನ್ನೋ ಕೇಳುವ ಕಾನೂನೇ ಇರಲಿಲ್ಲವಲ್ಲ.

ಇಲ್ಲಿಂದ ಮಕ್ಕಳು ಜಾರ್ಜ್ ಕೈಯಲ್ಲಿ ಮೂಗುದಾರವಾದರು. ಇಷ್ಟು ಹಣಕ್ಕೆ ಒಪ್ಪು, ಇಂಥಲ್ಲಿ ವಾಸ ಮಾಡು, ಆಮೇಲೆ ನೋಡೋಣ ಎಂದು ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು. ಮಕ್ಕಳನ್ನು ಸ್ಕಾಟ್ಲೆಂಡಿಗೆ, ತನ್ನ ಅಕ್ಕತಂಗಿಯರಲ್ಲಿ ಒಬ್ಬಳ ಸುಪರ್ದಿಗೆ ಕಳಿಸಿದ. ತಾಯಿಯ ಕಾಗದ ತೆಗೆದುಕೊಂಡು ಓದಿದ ತಪ್ಪಿಗೆ ಆರು ವರ್ಷದ ಫ್ಲೆಚರ್‌ಗೆ ಆ ಅತ್ತೆ ತನ್ನ ಕೈಯಾರೆ ಬಾರಿಸಿದಳೆಂದು ಕ್ಯಾರೊಲಿನ್ ಬರೆದಿದ್ದಾಳೆ.

ಪಿಯರ್ಸ್ ಸ್ಟೀವನ್ಸನ್ ಎಂಬ ಗಂಡಸು

ಆಕೆಗೆ ಗೊತ್ತಿದ್ದ ಕೆಲಸ ಬರವಣಿಗೆ. ಮಕ್ಕಳ ಮೇಲೆ ತಾಯಿಗಿರುವ ಸಹಜ ಹಕ್ಕಿನ ಬಗ್ಗೆ ಒಂದು ಕಿರುಹೊತ್ತಗೆ ಬರೆದು ಪರಿಚಿತರಿಗೆ, ಪಾರ್ಲಿಮೆಂಟ್ ಸದಸ್ಯರಿಗೆ ಹಂಚಿದಳು. ತನ್ನ ಗೋಳನ್ನು ಹಾಡಿಕೊಳ್ಳದೆ ಡಿ ಮ್ಯಾನ್‌ವಿಲ್‌ನಂಥ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿಟ್ಟಳು. ರೆಡಿಂಗ್‌ನ ಸದಸ್ಯ, ವಕೀಲ ಥಾಮಸ್ ನೂನ್ ಟಾಲ್‌ಫರ್ಡ್ 1837ರಲ್ಲಿ ಮಸೂದೆ ತಂದ, ಹಿಂತೆಗೆದುಕೊಂಡ. 1838ರಲ್ಲಿ ಮತ್ತೆ ತಂದಾಗ ಕೆಳಮನೆ ದಾಟಿತು, ಮೇಲ್ಮನೆಯಲ್ಲಿ ಎರಡೇ ಮತಗಳಿಂದ ಬಿದ್ದುಹೋಯಿತು.

ಅಂದು ವಿರೋಧಿಸಿ ಮಾತಾಡಿದ ಲಾರ್ಡ್ ಬ್ರೂಅಮ್‌ನ ತರ್ಕ ಕೇಳುವಂಥದ್ದು. ಕಾನೂನು ಹೆಂಗಸರಿಗೆ ಕ್ರೂರವಾಗಿದೆ ಎಂಬುದನ್ನು ಅವನು ಒಪ್ಪುತ್ತಾನೆ. ಅವರ ಆಸ್ತಿಯ ವಿಷಯದಲ್ಲಿ ಕ್ರೂರ, ದಾವೆಯ ವಿಷಯದಲ್ಲಿ ಕ್ರೂರ ಎಂದು ಪಟ್ಟಿಯನ್ನೂ ಕೊಡುತ್ತಾನೆ. ಇಷ್ಟೆಲ್ಲ ಇರುವಾಗ ಇದೊಂದನ್ನು ಮಾತ್ರ ಏಕೆ ಸರಿಮಾಡಬೇಕು ಎಂದು ಮುಗಿಸುತ್ತಾನೆ. ಸೂರೆಲ್ಲ ಸೋರುತ್ತಿದೆ, ಆದ್ದರಿಂದ ಈ ಒಂದು ಹೆಂಚನ್ನು ಮುಟ್ಟಬೇಡಿ ಎಂದಂತೆ. ಮುಂದೆ ಅದೇ ಮೇಲ್ಮನೆಯ ಹೊಸ ಸಭಾಂಗಣದ ಗೋಡೆಗೆ ಕಲಾವಿದ ಮ್ಯಾಕ್ಲೀಸ್ ನ್ಯಾಯದೇವತೆಯ ಭಿತ್ತಿಚಿತ್ರ ಬರೆದ. ಆ ದೇವತೆಯ ಮುಖಕ್ಕೆ ಕ್ಯಾರೊಲಿನ್‌ಳನ್ನೇ ಮಾದರಿಯಾಗಿ ಕೂರಿಸಿಕೊಂಡಿದ್ದ.

ಇದರ ನಡುವೆ ಒಂದು ಪತ್ರಿಕೆ ಮಸೂದೆಯ ನೆಪದಲ್ಲಿ ಆಕೆಯನ್ನು ಹೆಣ್ಣು ಪಿಶಾಚಿ ಎಂಬರ್ಥದಲ್ಲಿ ಬೈದು ಬರೆಯಿತು. ಮಾನನಷ್ಟ ದಾವೆ ಹಾಕೋಣವೆಂದು ವಿಚಾರಿಸಿದರೆ, ಮದುವೆಯಾದವಳು ತಾನಾಗಿ ದಾವೆ ಹಾಕುವಂತಿಲ್ಲ, ಗಂಡ ಹಾಕಬೇಕು ಎಂಬ ಉತ್ತರ ಬಂತು. ಮದುವೆಯಾದ ಹೆಣ್ಣಿನ ಕಾನೂನನ್ನು ತಾನು ಕಲಿತದ್ದು ಒಂದೊಂದೇ ತುಣುಕಾಗಿ, ಅದರ ಒಂದೊಂದು ಲೋಪವನ್ನೂ ಅನುಭವಿಸಿ ಎಂದು ಆಕೆ ಮುಂದೆ ಬರೆದದ್ದು ಇದಕ್ಕೇ.

ಮಸೂದೆ ಮತ್ತೆ ಬಂದಾಗ, ಲಾರ್ಡ್ ಚಾನ್ಸಲರ್‌ಗೆ (ಅಂದರೆ ದೇಶದ ನ್ಯಾಯಾಂಗದ ಮುಖ್ಯಸ್ಥನಿಗೆ) ಒಂದು ಸರಳ ಪತ್ರ ಎಂಬ ಹೊತ್ತಗೆ ಪ್ರಕಟವಾಯಿತು. ಬರೆದವರ ಹೆಸರು ಪಿಯರ್ಸ್ ಸ್ಟೀವನ್ಸನ್. ಬರೆದವಳು ಕ್ಯಾರೊಲಿನ್. ತಾಯಂದಿರ ಪರ ಆಡುವ ಮಾತಿಗೆ ಗಂಡಸಿನ ಹೆಸರಿದ್ದರೆ ಲಾರ್ಡುಗಳು ಕಿವಿಗೊಡುತ್ತಾರೆ ಎಂಬ ಅವಳ ಲೆಕ್ಕ ತಪ್ಪಾಗಲಿಲ್ಲ. 1839ರ ಆಗಸ್ಟ್ 17ರಂದು ಶಿಶುಗಳ ಸುಪರ್ದಿ ಕಾಯ್ದೆಗೆ ಅಂಕಿತ ಬಿತ್ತು.

ಇಂಗ್ಲಿಷ್ ಕಾನೂನು ತಾಯಿಗೆ ಮಕ್ಕಳ ಮೇಲೆ ಹಕ್ಕು ಕೇಳುವ ಬಾಗಿಲು ತೆರೆದದ್ದು ಅದೇ ಮೊದಲು ಎನ್ನುತ್ತಾರೆ. ಸರಿಯೇ. ಆದರೆ ಬಾಗಿಲ ಅಗಲವನ್ನೂ ನೋಡಬೇಕು. ಏಳು ವರ್ಷದೊಳಗಿನ ಮಗುವನ್ನು ತನ್ನ ವಶಕ್ಕೆ ಕೊಡಿ ಎಂದು, ಅದಕ್ಕಿಂತ ದೊಡ್ಡ ಮಕ್ಕಳನ್ನು ನೋಡಲು ಬಿಡಿ ಎಂದು ತಾಯಿ ಲಾರ್ಡ್ ಚಾನ್ಸಲರ್‌ನ ಚಾನ್ಸರಿ ಕೋರ್ಟಿನಲ್ಲಿ ಅರ್ಜಿ ಹಾಕಬಹುದು. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ವ್ಯಭಿಚಾರ ಸಾಬೀತಾದವಳು ಅರ್ಜಿಯನ್ನೂ ಹಾಕುವಂತಿಲ್ಲ. ಗಂಡನಿಗೆ ಅಂಥ ಷರತ್ತಿಲ್ಲ. ಚಾನ್ಸರಿಯ ಖರ್ಚು ತಡೆಯಬಲ್ಲ ಬಡವರು ಯಾರೂ ಇರಲಿಲ್ಲ, ಹಾಗಾಗಿ ಗಿರಣಿಗೆ ಹೋಗುವ ತಾಯಿಗೆ ಈ ಕಾಯ್ದೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಕ್ಯಾರೊಲಿನ್ ಕೂಡ ಹೆಣ್ಣು ಗಂಡಿಗೆ ಸಮ ಎಂದು ಎಂದೂ ವಾದಿಸಲಿಲ್ಲ. ಸಮಾನತೆಯ ಮಾತು ತನ್ನದಲ್ಲವೆಂದು ಬರೆದೇ ಬರೆದಳು. ಮೇಲಿರುವವನು ಕೆಳಗಿರುವವಳನ್ನು ಕಾಯಬೇಕು, ಕಾಯದಿದ್ದಾಗ ಕಾನೂನು ಕಾಯಬೇಕು ಎಂಬಷ್ಟೇ ಅವಳ ವಾದ. ಇದು ಅವಳ ನಿಜವಾದ ನಂಬಿಕೆಯೋ, ಲಾರ್ಡುಗಳ ಮನೆಗೆ ಹೋಗುವಾಗ ತೊಟ್ಟ ಬಟ್ಟೆಯೋ ಎಂದು ಯೋಚಿಸಿದ್ದೇನೆ. ಎರಡೂ ಇರಬೇಕು. ನಡತೆ ಕೆಟ್ಟವಳೆಂದು ಹೆಸರಾದ ತಾಯಿ ಮಾತ್ರ ಆ ಬಾಗಿಲ ಹೊರಗೇ ನಿಂತಳು. ಆಕೆಗೆ ಒಳಗೆ ಬರಲಾದದ್ದು 1873ರಲ್ಲಿ.

ಈಗ ಮೊದಲು ಹೇಳಿದ ವಯಸ್ಸಿನ ಲೆಕ್ಕ. ಕಾಯ್ದೆ ಬಂದ ದಿನ ಫ್ಲೆಚರ್‌ಗೆ ಹತ್ತು. ಬ್ರಿನ್ಸ್‌ಲಿಗೆ ಏಳು ದಾಟಿತ್ತು. ಏಳರೊಳಗೆ ಉಳಿದಿದ್ದವನು ವಿಲಿಯಂ ಒಬ್ಬನೇ. ಮಕ್ಕಳಿದ್ದದ್ದು ಸ್ಕಾಟ್ಲೆಂಡಿನಲ್ಲಿ, ಕಾಯ್ದೆಯ ಕೈ ಅಲ್ಲಿಗೆ ಚಾಚುತ್ತಿರಲಿಲ್ಲ.

1842ರ ಸೆಪ್ಟೆಂಬರಿನಲ್ಲಿ ಯಾರ್ಕ್‌ಶೈರ್‌ನಲ್ಲಿ ತಂದೆಯ ಜೊತೆಗಿದ್ದ ವಿಲಿಯಂ ಕುದುರೆಯಿಂದ ಬಿದ್ದ. ಸಣ್ಣ ತರಚುಗಾಯ. ಯಾರೂ ಅಷ್ಟಾಗಿ ಗಮನಿಸಲಿಲ್ಲ, ಗಾಯ ನಂಜಾಯಿತು. ವಾರ ಕಳೆದು, ಮಗು ಉಳಿಯುವುದು ಕಷ್ಟ ಎನ್ನುವಾಗ ತಾಯಿಗೆ ಹೇಳಿಕಳಿಸಿದರು. ಆಕೆ ರೈಲಿನಲ್ಲಿ ಬಂದಿಳಿದಳು. ನಿಲ್ದಾಣಕ್ಕೆ ಎದುರುಗೊಳ್ಳಲು ಬಂದಿದ್ದ ಲೇಡಿ ಕೆಲಿ ಎಂಬಾಕೆಯನ್ನು, ನನ್ನ ಮಗ ಹುಷಾರಾಗಿದ್ದಾನೆಯೇ ಎಂದು ಕೇಳಿದಳು. ಇಲ್ಲ, ಹುಷಾರಾಗಿಲ್ಲ, ತೀರಿಕೊಂಡ ಎಂದು ಆಕೆ ಹೇಳಿದಳು. ಮನೆ ಮುಟ್ಟಿದಾಗ ಮಗು ಆಗಲೇ ಶವಪೆಟ್ಟಿಗೆಯಲ್ಲಿತ್ತು.

ಆ ಸಾವಿನ ನಂತರ ಉಳಿದಿಬ್ಬರನ್ನು ತಾಯಿಯ ಹತ್ತಿರ ಹೋಗಿ ಇರಲು ಜಾರ್ಜ್ ಬಿಡತೊಡಗಿದ. ಕಾಯ್ದೆಯಿಂದ ಆಗದಿದ್ದದ್ದು ಹಾಗೆ ಆಯಿತು.

ದುಡ್ಡು

ಹಣದ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1848ರಲ್ಲಿ ಜಾರ್ಜ್‌ಗೆ ಸಾಲ ಎತ್ತಬೇಕಿತ್ತು, ಅದಕ್ಕೆ ಹೆಂಡತಿಯ ಸಹಿ ಬೇಕಿತ್ತು. ಬದಲಿಗೆ ವರ್ಷಕ್ಕೆ 500 ಪೌಂಡ್ ಜೀವನಾಂಶ ಕೊಡುತ್ತೇನೆಂದು ಕರಾರಾಯಿತು. 1851ರಲ್ಲಿ ತಾಯಿ ತೀರಿಕೊಂಡು ಕ್ಯಾರೊಲಿನ್‌ಗೆ ವರ್ಷಕ್ಕೆ 480 ಪೌಂಡ್ ಬರುವ ಹಾಗೆ ಮಾಡಿಟ್ಟಿದ್ದು ಗೊತ್ತಾದ ಮೇಲೆ ಜಾರ್ಜ್ ಕೊಡುವುದನ್ನು ನಿಲ್ಲಿಸಿದ. ಆಕೆ ತನಗೆ ಸಾಲ ಕೊಟ್ಟವರನ್ನು ಅವನ ಮೇಲೆ ಬಿಟ್ಟಳು. ಹೆಂಡತಿಗೆ ಅಸ್ತಿತ್ವವಿಲ್ಲದಿದ್ದರೆ ಹೆಂಡತಿಯ ಸಾಲಕ್ಕೆ ಯಾರು ಹೊಣೆ? ಗಂಡನೇ ತಾನೇ.

1853ರ ಆಗಸ್ಟಿನಲ್ಲಿ ಗಾಡಿ ರಿಪೇರಿಯವನೊಬ್ಬನ ದಾವೆ ವೆಸ್ಟ್‌ಮಿನ್‌ಸ್ಟರ್ ಕೌಂಟಿ ಕೋರ್ಟಿಗೆ ಬಂತು. ಬ್ಯಾರಿಸ್ಟರೂ ಮ್ಯಾಜಿಸ್ಟ್ರೇಟೂ ಆದ ಜಾರ್ಜ್ ಅಲ್ಲಿ, ತಾನೇ ಸಹಿ ಹಾಕಿದ ಕರಾರು ಕರಾರೇ ಅಲ್ಲ ಎಂದ. ಗಂಡ ಹೆಂಡತಿ ಒಬ್ಬರೇ ಆದ ಮೇಲೆ ಒಬ್ಬ ಮನುಷ್ಯ ತನ್ನೊಂದಿಗೆ ತಾನೇ ಕರಾರು ಮಾಡಿಕೊಳ್ಳುವುದು ಹೇಗೆ? ಆಕೆಯ ಪ್ರಕಾಶಕರಿಂದ, ಬ್ಯಾಂಕಿನಿಂದ ಲೆಕ್ಕಪತ್ರ ತರಿಸಿ ಅವಳ ಸಂಪಾದನೆಯನ್ನು ಎಲ್ಲರೆದುರು ಹರವಿದ. ಪುಸ್ತಕಗಳ ಹಕ್ಕೂ ತನ್ನದೇ ಎಂದ. ಕೋರ್ಟಿನಲ್ಲೇ ಎದ್ದುನಿಂತ ಕ್ಯಾರೊಲಿನ್, ನಾನು ಹಕ್ಕು ಕೇಳುತ್ತಿಲ್ಲ, ನನಗೆ ಹಕ್ಕುಗಳೇ ಇಲ್ಲ, ನನಗಿರುವುದು ಅನ್ಯಾಯಗಳು ಮಾತ್ರ ಎಂದಳು. ತಾಂತ್ರಿಕ ಕಾರಣವೊಂದರ ಮೇಲೆ ಜಾರ್ಜ್ ಗೆದ್ದ.

ಮುಂದಿನ ವರ್ಷ ಒಂದು ಪುಸ್ತಕ, 1855ರಲ್ಲಿ ರಾಣಿಗೆ ಬಹಿರಂಗ ಪತ್ರ. ಇಂಗ್ಲೆಂಡಿನ ಸಿಂಹಾಸನದ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆ, ಅದೇ ದೇಶದಲ್ಲಿ ಮದುವೆಯಾದ ಹೆಂಗಸು ಕಾನೂನಿಗೆ ಕಾಣಿಸುವುದೇ ಇಲ್ಲ ಎಂಬುದು ಆ ಪತ್ರದ ಕುಟುಕು. 1857ರ ವಿವಾಹ ಕಾಯ್ದೆ ಚರ್ಚೆಗೆ ಬಂದಾಗ ಆಕೆಯ ಬರಹಗಳು ಸದಸ್ಯರ ಕೈಯಲ್ಲಿದ್ದವು. ಗಂಡ ಬಿಟ್ಟುಹೋದವಳ ಸಂಪಾದನೆಯನ್ನು ಅವನು ಬಂದು ಕಿತ್ತುಕೊಳ್ಳುವಂತಿಲ್ಲ, ಕಾನೂನಿನಂತೆ ಬೇರಾದವಳು ಕರಾರು ಮಾಡಬಹುದು, ದಾವೆ ಹೂಡಬಹುದು ಎಂಬ ಕಲಮುಗಳು ಸೇರಿದವು. ವಿಚ್ಛೇದನ ಪಾರ್ಲಿಮೆಂಟಿನಿಂದ ಕೋರ್ಟಿನ ಕೈಗೆ ಬಂತು. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕು, ಹೆಂಡತಿಗೆ ಮಾತ್ರ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವೋ, ಎರಡು ವರ್ಷ ಬಿಟ್ಟುಹೋದದ್ದೋ, ಇನ್ನೊಂದೋ ಬೇಕು. ಕ್ರಿಮಿನಲ್ ಕಾನ್ವರ್ಸೇಶನ್ ದಾವೆಯನ್ನು ಅದೇ ಕಾಯ್ದೆ ತೆಗೆದುಹಾಕಿತು.

ನಮ್ಮ ಕಡೆಗೊಂದು ದಾರಿ

ಕ್ಯಾರೊಲಿನ್‌ಳ ಅಕ್ಕ ಹೆಲೆನ್. ಹೆಲೆನ್‌ಳ ಮಗ ಲಾರ್ಡ್ ಡಫರಿನ್, 1884ರಿಂದ 1888ರವರೆಗೆ ಭಾರತದ ವೈಸರಾಯ್. ಹೆಣ್ಣುಮಕ್ಕಳ ವೈದ್ಯಕೀಯ ನೆರವಿಗೆ ನಿಧಿ ಶುರುಮಾಡಿದ ಲೇಡಿ ಡಫರಿನ್ ಈತನ ಹೆಂಡತಿ. ಅದೇ ನಾಲ್ಕು ವರ್ಷ ಮುಂಬೈಯಲ್ಲಿ ರಖಮಾಬಾಯಿಯ ಪ್ರಕರಣ ನಡೆಯುತ್ತಿತ್ತು. ಬಾಲ್ಯದಲ್ಲಿ ಆದ ಮದುವೆಯ ಗಂಡನ ಮನೆಗೆ ಹೋಗಲು ಒಪ್ಪದ ಆಕೆಗೆ, ಹೋಗು, ಇಲ್ಲವಾದರೆ ಆರು ತಿಂಗಳು ಜೈಲು ಎಂದು 1887ರಲ್ಲಿ ಆದೇಶವಾಯಿತು. ದಾಂಪತ್ಯ ಹಕ್ಕುಗಳ ಮರುಸ್ಥಾಪನೆ ಎಂಬ ಆ ದಾವೆ ನಮ್ಮ ಧರ್ಮಶಾಸ್ತ್ರದ್ದಲ್ಲ, ಇಂಗ್ಲೆಂಡಿನ ಚರ್ಚ್ ಕೋರ್ಟಿನದು. ಕ್ಯಾರೊಲಿನ್ ರಾಣಿಗೆ ಬರೆದ ಪತ್ರದಲ್ಲಿ ದೂರುವ ದಾವೆಯೇ ಅದು. ಇಂಗ್ಲೆಂಡ್ ಅದನ್ನು 1970ರಲ್ಲಿ ಕಿತ್ತುಹಾಕಿತು. ನಮ್ಮ ಹಿಂದೂ ವಿವಾಹ ಕಾಯ್ದೆಯ 9ನೇ ಕಲಮಿನಲ್ಲಿ ಅದು ಈಗಲೂ ಇದೆ, ಕುಟುಂಬ ನ್ಯಾಯಾಲಯಗಳಲ್ಲಿ ಈಗಲೂ ಅದರಡಿ ಅರ್ಜಿ ಬೀಳುತ್ತವೆ. ಹೆಂಡತಿಯನ್ನು ಗಂಡನ ಹೊಲದಂತೆ ಕಂಡ ಇನ್ನೊಂದು ಕಲಮು, ವ್ಯಭಿಚಾರವನ್ನು ಕುರಿತ ದಂಡ ಸಂಹಿತೆಯ 497, 2018ರ ಸೆಪ್ಟೆಂಬರಿನವರೆಗೆ ಬಾಳಿತು. 1956ರ ಹಿಂದೂ ಅಪ್ರಾಪ್ತರ ಕಾಯ್ದೆಯಲ್ಲಿ ಮಗುವಿನ ಸಹಜ ಪೋಷಕ ಯಾರು ಎಂಬ ಪ್ರಶ್ನೆಗೆ ಉತ್ತರ ಹೀಗಿದೆ: ತಂದೆ, ಅವನ ನಂತರ ತಾಯಿ. ಆ ನಂತರ ಎಂಬ ಪದವನ್ನು ಸ್ವಲ್ಪ ಹಿಗ್ಗಿಸಿ ಓದಬೇಕೆಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಬೇಕಾಯಿತು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಲಿ ಎಂದೂ ಅದೇ ಕಲಮು ಹೇಳುತ್ತದೆ. ಟಾಲ್‌ಫರ್ಡ್ ಏಳು ಕೊಟ್ಟಿದ್ದ.

ಫ್ಲೆಚರ್ ಕ್ಷಯದಿಂದ 1859ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ. ಬ್ರಿನ್ಸ್‌ಲಿ ಇಟಲಿಯ ಕಾಪ್ರಿ ದ್ವೀಪದ ಹುಡುಗಿಯನ್ನು ಮದುವೆಯಾದ. ಅವನ ಆರೋಗ್ಯವೂ ಅಷ್ಟಕ್ಕಷ್ಟೆ. ಜಾರ್ಜ್ ಸತ್ತದ್ದು 1875ರ ಫೆಬ್ರವರಿಯಲ್ಲಿ, ಅಲ್ಲಿಯವರೆಗೂ ಕ್ಯಾರೊಲಿನ್ ಅವನ ಹೆಂಡತಿಯೇ. 1877ರ ಮಾರ್ಚ್ 1ರಂದು ಹಳೆಯ ಸ್ನೇಹಿತ ಸರ್ ವಿಲಿಯಂ ಸ್ಟರ್ಲಿಂಗ್ ಮ್ಯಾಕ್ಸ್‌ವೆಲ್‌ನನ್ನು ಮದುವೆಯಾದಳು, ಜೂನ್ 15ರಂದು ತೀರಿಕೊಂಡಳು. ಅದಕ್ಕೆ ಮೊದಲಿನ ಬಹಳಷ್ಟು ವರ್ಷ ಬ್ರಿನ್ಸ್‌ಲಿಯ ಇಬ್ಬರು ಮಕ್ಕಳು, ಒಬ್ಬ ಹುಡುಗ ಒಬ್ಬಳು ಹುಡುಗಿ, ಬೆಳೆದದ್ದು ಹೆಚ್ಚಾಗಿ ಈ ಅಜ್ಜಿಯ ಆರೈಕೆಯಲ್ಲೇ.